ಲಕ್ಷದ್ವೀಪ ಮತ್ತು ಮಾಲ್ಡೀವ್ಸ್: ಹಾಯಿಹಡಗಿನ ಕಾಲದ ಕಡಲಯಾನ ಹಾಗೂ ಜೀವಸಂಪತ್ತು

ಭಾರತದ ಪಶ್ಚಿಮ ಕರಾವಳಿಯ ಆಚೆ, ಅರಬ್ಬೀ ಸಮುದ್ರದಿಂದ ಭೂಮಧ್ಯರೇಖೆಯ ಕೆಳಗಿನವರೆಗೆ ಉತ್ತರ ದಕ್ಷಿಣವಾಗಿ ಹಬ್ಬಿರುವ ಎರಡು ಹವಳದ್ವೀಪ ಸಮೂಹಗಳು. ಉತ್ತರದ ಲಕ್ಷದ್ವೀಪ ಭಾರತದ ಕೇಂದ್ರಾಡಳಿತ ಪ್ರದೇಶ. ದಕ್ಷಿಣದ ಮಾಲ್ಡೀವ್ಸ್ ಸ್ವತಂತ್ರ ಗಣರಾಜ್ಯ. ಉಗಿಹಡಗು ಬರುವ ಮೊದಲಿನ ಸುಮಾರು 2,000 ವರ್ಷ ಕಾಲ ಇವು ಅರೇಬಿಯ, ಭಾರತ, ಬಂಗಾಳ ಮತ್ತು ಚೀನಗಳ ನಡುವಿನ ಕಡಲ ದಾರಿಯಲ್ಲಿದ್ದವು. ಇಲ್ಲಿ ಗದ್ದೆಯಿಲ್ಲ, ಗಣಿಯಿಲ್ಲ, ಹೊಳೆಯಿಲ್ಲ. ಹೊರಗಿನವರು ಇವುಗಳನ್ನು ಹುಡುಕಿಕೊಂಡು ಬಂದದ್ದು ಕವಡೆ, ಆಮೆಚಿಪ್ಪು, ಅಂಬರ್, ಒಣಮೀನು, ತೆಂಗಿನ ನಾರುಗಳಿಗಾಗಿ. ಇವೆಲ್ಲ ಇಲ್ಲಿನ ಜೀವಿಗಳಿಂದಲೇ ಬಂದ ಸರಕುಗಳು. ಹಾಗಾಗಿ ಈ ದ್ವೀಪಗಳ ಜೀವಚರಿತ್ರೆಯನ್ನೂ ನೌಕಾಚರಿತ್ರೆಯನ್ನೂ ಬೇರೆ ಬೇರೆಯಾಗಿ ಹೇಳುವುದು ಕಷ್ಟ.

ಭೂರಚನೆ

ಎರಡೂ ಸಮೂಹಗಳು ಸಮುದ್ರತಳದ ಒಂದೇ ಏಣಿನ ಮೇಲೆ ನಿಂತಿವೆ. ಈ ಏಣು ಪ್ರಾಚೀನ ಜ್ವಾಲಾಮುಖಿ ಚಟುವಟಿಕೆಯಿಂದ ಹುಟ್ಟಿದ್ದು. ಅದು ನಿಧಾನವಾಗಿ ಕುಸಿಯುತ್ತ ಹೋದಂತೆ ಅದರ ನೆತ್ತಿಯಲ್ಲಿ ಹವಳಜೀವಿಗಳು ಸುಣ್ಣದ ಗೂಡುಗಳನ್ನು ಕಟ್ಟುತ್ತ ಮೇಲೇರಿದವು. ನಡುವೆ ಆಳವಿಲ್ಲದ ಹಸಿರು ನೀರಿನ ಲಗೂನು, ಸುತ್ತ ಹವಳದ ದಿಬ್ಬ, ದಿಬ್ಬದ ಮೇಲೆ ಅಲ್ಲಲ್ಲಿ ಮರಳಿನ ದ್ವೀಪ: ಇದು ಇಲ್ಲಿನ ಹವಳವೃತ್ತಗಳ ಸಾಮಾನ್ಯ ರೂಪ.

ಲಕ್ಷದ್ವೀಪದ 36 ದ್ವೀಪಗಳ ಒಟ್ಟು ನೆಲ ಸುಮಾರು 32 ಚದರ ಕಿ.ಮೀ. ಮಾತ್ರ, ಅವುಗಳಲ್ಲಿ ಹಿಂದಿನಿಂದ ಜನವಸತಿ ಇದ್ದದ್ದು ಹತ್ತರಲ್ಲಿ. ಮಾಲ್ಡೀವ್ಸ್‌ನಲ್ಲಿ ಸುಮಾರು 1,190 ದ್ವೀಪಗಳಿವೆ. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ 800 ಕಿ.ಮೀ.ಗೂ ಹೆಚ್ಚು ದೂರ. ಹೆಚ್ಚಿನ ದ್ವೀಪಗಳು ಸಮುದ್ರಮಟ್ಟದಿಂದ ಒಂದೆರಡು ಮೀಟರ್ ಮಾತ್ರ ಎತ್ತರದಲ್ಲಿವೆ. ಬಿದ್ದ ಮಳೆನೀರು ಮರಳಿನೊಳಗೆ ಇಳಿದು, ಅಡಿಯ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುಪದರವಾಗಿ ತೇಲುತ್ತದೆ. ಬಾವಿಗಳಿಗೆ ಸಿಗುವ ಸಿಹಿನೀರು ಇದೇ. ಈ ಪದರವಿಲ್ಲದ ಚಿಕ್ಕ ದ್ವೀಪಗಳಲ್ಲಿ ಮನುಷ್ಯರು ನೆಲೆಸಲಿಲ್ಲ. ಅವು ಹಕ್ಕಿಗಳ ಪಾಲಾದವು.

ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್ ಉಳಿದ ದ್ವೀಪಗಳಿಂದ ಒಂಬತ್ತು ಡಿಗ್ರಿ ಕಾಲುವೆಯಿಂದಲೂ ಮಾಲ್ಡೀವ್ಸ್‌ನಿಂದ ಎಂಟು ಡಿಗ್ರಿ ಕಾಲುವೆಯಿಂದಲೂ ಬೇರ್ಪಟ್ಟಿದೆ. ಅಲ್ಲಿಯ ಜನ ಮಾಲ್ಡೀವ್ಸ್‌ನ ದಿವೇಹಿಗೆ ಸೇರಿದ ಮಹಲ್ ಮಾತಾಡುತ್ತಾರೆ. ಉತ್ತರದ ದ್ವೀಪಗಳ ಆಡುಮಾತು ಮಲಯಾಳದ ಒಂದು ರೂಪವಾದ ಜೆಸರಿ.

ಜೀವಿಗಳು ಬಂದ ಬಗೆ

ಈ ದ್ವೀಪಗಳು ಎಂದೂ ಯಾವ ಭೂಖಂಡಕ್ಕೂ ಅಂಟಿಕೊಂಡಿರಲಿಲ್ಲ. ಆದ್ದರಿಂದ ಇಲ್ಲಿಯ ನೆಲದ ಮೇಲಿನ ಪ್ರತಿಯೊಂದು ಜೀವಿಯೂ ತೇಲಿ, ಹಾರಿ ಅಥವಾ ಹಡಗೇರಿ ಬಂದದ್ದು. ತೆಂಗು, ಕೇದಗೆ ಮತ್ತು ದಂಡೆಯ ಪೊದೆಗಳ ಬೀಜಗಳು ಉಪ್ಪುನೀರಿನಲ್ಲಿ ತೇಲಬಲ್ಲವು. ತೆಂಗನ್ನು ಮನುಷ್ಯರೂ ತಂದು ನೆಟ್ಟರು. ಮಾಲ್ಡೀವ್ಸ್‌ನಲ್ಲಿ ಹಣ್ಣು ತಿನ್ನುವ ದೊಡ್ಡ ಬಾವಲಿಗಳಿವೆ. ರೆಕ್ಕೆಯಿಲ್ಲದ ಸಸ್ತನಿಗಳು ಮಾತ್ರ ತಾವಾಗಿ ಬಂದು ಮುಟ್ಟಲಿಲ್ಲ.

ಹಡಗಿನಲ್ಲಿ ಅಡಗಿ ಬಂದ ಇಲಿ ತೆಂಗಿನ ಮರದ ತಲೆಯಲ್ಲೇ ವಾಸಹೂಡಿ ಎಳೆಗಾಯಿ ಕೊರೆಯುವ ಪಿಡುಗಾಯಿತು. ಲಕ್ಷದ್ವೀಪದಲ್ಲಿ ಊರಿನ ಗಂಡಸರು ನಿಗದಿಯಾದ ದಿನ ಒಟ್ಟಾಗಿ ಇಲಿಬೇಟೆಗೆ ಹೊರಡುತ್ತಿದ್ದರು. ಕೆಲವರು ಮರ ಹತ್ತಿ ಇಲಿಗಳನ್ನು ಕೆಳಗೆ ಉದುರಿಸಿದರೆ, ಉಳಿದವರು ದೊಣ್ಣೆ ಹಿಡಿದು ಬುಡದಲ್ಲಿ ಕಾಯುತ್ತಿದ್ದರು. ಬ್ರಿಟಿಷ್ ಅಧಿಕಾರಿಗಳ ವರದಿಗಳಲ್ಲಿ ಈ ಬೇಟೆಯ ವಿವರಣೆಗಳಿವೆ.

ಕಡಲಹಕ್ಕಿಗಳಿಗೆ ಇಲಿಯೂ ಮನುಷ್ಯರೂ ಇಲ್ಲದ ಮರಳುದಿಬ್ಬಗಳೇ ಆಶ್ರಯ. ಕವರತ್ತಿಯ ವಾಯವ್ಯಕ್ಕಿರುವ ಪಿಟ್ಟಿ ಎಂಬ ಬೋಳು ದ್ವೀಪ ಒಂದು ಹೆಕ್ಟೇರಿಗಿಂತ ಸ್ವಲ್ಪ ದೊಡ್ಡದು. ಅಲ್ಲಿ ಮರವಿಲ್ಲ, ಕುಡಿಯುವ ನೀರಿಲ್ಲ. ಕಪ್ಪುಬೆನ್ನಿನ ರೀವ, ಕಂದು ನಾಡಿ, ದೊಡ್ಡ ಜುಟ್ಟಿನ ರೀವ ಮುಂತಾದ ಹಕ್ಕಿಗಳು ಸಾವಿರಗಟ್ಟಲೆ ಸೇರಿ ಬರಿಯ ಮರಳಿನ ಮೇಲೆ ಮೊಟ್ಟೆಯಿಡುತ್ತವೆ. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಗೊರವ, ಉಲ್ಲಂಕಿಗಳು ಲಗೂನಿನ ಅಂಚಿನಲ್ಲಿ ಹುಳ ಹೆಕ್ಕುತ್ತವೆ.

ಎಲ್ಲಕ್ಕಿಂತ ವಿಸ್ಮಯದ ಅತಿಥಿ ಒಂದು ಕೀಟ. ಪ್ರತಿವರ್ಷ ಅಕ್ಟೋಬರ್ ಹೊತ್ತಿಗೆ ಲಕ್ಷಾಂತರ ಏರೋಪ್ಲೇನ್ ಚಿಟ್ಟೆಗಳು ಮಾಲ್ಡೀವ್ಸ್‌ನಲ್ಲಿ ಕಾಣಿಸಿಕೊಳ್ಳುತ್ತವೆ. ಅವುಗಳ ಮರಿಗಳು ಬೆಳೆಯಲು ಸಿಹಿನೀರಿನ ಹೊಂಡ ಬೇಕು. ದ್ವೀಪಗಳಲ್ಲಿ ಅಂಥ ನೀರು ಇಲ್ಲವೆನ್ನುವಷ್ಟು ಕಡಿಮೆ. ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಇದಕ್ಕೆ ವಿವರಣೆ ಕೊಟ್ಟರು: ಇವು ಭಾರತದಲ್ಲಿ ಮಳೆಗಾಲದ ನೀರಿನಲ್ಲಿ ಹುಟ್ಟಿ, ಎತ್ತರದ ಗಾಳಿಯನ್ನು ಹಿಡಿದು, ದ್ವೀಪಗಳನ್ನು ದಾಟಿ ಪೂರ್ವ ಆಫ್ರಿಕದತ್ತ ಸಾಗುತ್ತವೆ. ಹಾಯಿಹಡಗುಗಳು ದಂಡೆ ಬಿಡುತ್ತಿದ್ದ ಕಾಲವೂ ಇದೇ.

ಮಾರುತ ಮತ್ತು ಪಯಣದ ಕಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ನೈಋತ್ಯ ಮಾರುತ ಸಮುದ್ರವನ್ನು ಮುಚ್ಚಿಬಿಡುತ್ತಿತ್ತು. ಲಕ್ಷದ್ವೀಪದವರು ಮಳೆಗಾಲಕ್ಕೆ ಮೊದಲೇ ಹಡಗುಗಳನ್ನು ದಂಡೆಗೆ ಎಳೆದು, ಮಡಲು ಹೊದಿಸಿ ಇಡುತ್ತಿದ್ದರು. ಆ ನಾಲ್ಕು ತಿಂಗಳು ಕರಾವಳಿಯಿಂದ ಅಕ್ಕಿಯೂ ಬಾರದು, ಸುದ್ದಿಯೂ ಬಾರದು. ಕೂಡಿಟ್ಟ ಅಕ್ಕಿ ತೀರಿದರೆ ತೆಂಗಿನಕಾಯಿ ಮತ್ತು ಮೀನೇ ಗತಿ. ಮಳೆ ಹಿಂದೆಗೆದ ಮೇಲೆ ಹಡಗುಗಳು ಮತ್ತೆ ನೀರಿಗಿಳಿದು, ಮೇ ತಿಂಗಳವರೆಗೆ ಹೋಗಿಬರುವ ಓಡಾಟ ನಡೆಯುತ್ತಿತ್ತು.

ಋತುವಿನ ಅಂಚಿನ ಪಯಣ ಅಪಾಯದ್ದು. ಮಳೆಗಾಲದ ಮುಂಚೆ ಏಳುವ ಚಂಡಮಾರುತಗಳಿಗೆ ತಗ್ಗಿನ ದ್ವೀಪಗಳಲ್ಲಿ ತಡೆಯೇ ಇರಲಿಲ್ಲ. ಏಪ್ರಿಲ್ 1847ರ ಚಂಡಮಾರುತ ಕಲ್ಪೇನಿ ಮತ್ತು ಆಂದ್ರೋತ್‌ಗಳನ್ನು ಹಾಳುಗೆಡವಿತು. ಕಲ್ಪೇನಿಯಲ್ಲಿ ಅಲೆಗಳು ದ್ವೀಪದ ಮೇಲೆಯೇ ಹರಿದು ಹೋದವು.

ಹೊಲಿದ ಹಡಗುಗಳು

ಕಬ್ಬಿಣವಿಲ್ಲದ ದ್ವೀಪಗಳಲ್ಲಿ ಹಡಗನ್ನು ಮೊಳೆ ಹೊಡೆಯದೆ ಹೊಲಿಯುತ್ತಿದ್ದರು. ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ಸಂದಿನ ಮೇಲೆ ನಾರಿನ ತುಂಬಣ ಇಟ್ಟು, ತೆಂಗಿನ ನಾರಿನ ಹುರಿಯಿಂದ ಬಿಗಿದು ಕಟ್ಟುವುದು ಇದರ ಕ್ರಮ. ಲಕ್ಷದ್ವೀಪದ ದೊಡ್ಡ ಸರಕುಹಡಗು ಓಡಂ. ಮಾಲ್ಡೀವ್ಸ್‌ನ ದೋಣಿಗಳಿಗೆ ತೆಂಗಿನ ಮರವೇ ಮುಖ್ಯ ಸಾಮಗ್ರಿ. ಹಲಗೆಗಳಿಗೆ ನೀರೂ ಹುಳವೂ ತಾಗದಂತೆ ಮೀನೆಣ್ಣೆ, ಸೊರದ ಯಕೃತ್ತಿನ ಎಣ್ಣೆ, ಕಡಲಾಮೆಯ ಎಣ್ಣೆಗಳನ್ನು ಸವರುತ್ತಿದ್ದರು.

ಮೊಳೆಯಿಲ್ಲದ್ದು ಬಡತನದ ಗುರುತು ಮಾತ್ರವಾಗಿರಲಿಲ್ಲ. ಮೊಳೆ ಹೊಡೆದ ಬಿರುಸಾದ ಹಡಗು ದಿಬ್ಬಕ್ಕೆ ಬಡಿದರೆ ಒಡೆಯುತ್ತದೆ. ಹೊಲಿದ ಹಡಗು ತುಸು ಬಳುಕಿ ಪೆಟ್ಟನ್ನು ತಾಳಿಕೊಳ್ಳುತ್ತದೆ. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಭಾರತ ಮತ್ತು ಯೆಮೆನ್‌ನ ಹಡಗುಗಳನ್ನು ನಾರಿನಿಂದ ಹೊಲಿಯಲು ಇದೇ ಕಾರಣ ಕೊಟ್ಟಿದ್ದಾನೆ. ನಾರು ತಯಾರಿಸುವ ಬಗೆಯನ್ನೂ ಅವನು ಬಿಡದೆ ಬರೆದಿದ್ದಾನೆ: ಸಿಪ್ಪೆಯನ್ನು ದಂಡೆಯ ಹೊಂಡಗಳಲ್ಲಿ ನೆನೆಹಾಕಿ, ಕೊಡತಿಯಿಂದ ಬಡಿದು, ಹೆಂಗಸರು ಹುರಿ ಹೊಸೆಯುತ್ತಿದ್ದರು. ಆ ಹುರಿ ಭಾರತ, ಚೀನ, ಯೆಮೆನ್‌ಗಳಿಗೆ ಹೋಗುತ್ತಿತ್ತು. ಹಿಂದೂ ಮಹಾಸಾಗರದ ಹಡಗುಕಟ್ಟೆಗಳಿಗೆ ಈ ದ್ವೀಪಗಳು ಬೇಕೇಬೇಕಾಗಿದ್ದವು.

ದಾರಿ ಅರಿಯುವ ವಿದ್ಯೆ

ಹತ್ತಾರು ಕಿ.ಮೀ. ದೂರದಿಂದ ಕಾಣುವ ಬೆಟ್ಟ ಈ ದ್ವೀಪಗಳಲ್ಲಿಲ್ಲ. ತೆಂಗಿನ ತಲೆ ಕಣ್ಣಿಗೆ ಬೀಳುವ ಹೊತ್ತಿಗೆ ದಿಬ್ಬವೂ ಹತ್ತಿರವೇ. ಆದ್ದರಿಂದ ಅಕ್ಷಾಂಶ ತಿಳಿಯುವುದು ಜೀವನ್ಮರಣದ ಸಂಗತಿಯಾಗಿತ್ತು. ಇದಕ್ಕೆ ಬಳಸುತ್ತಿದ್ದ ಉಪಕರಣ ಕಮಾಲ್: ಗಂಟುಗಳಿರುವ ದಾರ ಕಟ್ಟಿದ ಒಂದು ಚಿಕ್ಕ ಹಲಗೆ. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳಅಂಚನ್ನು ದಿಗಂತಕ್ಕೂ ಮೇಲಂಚನ್ನು ಧ್ರುವ ನಕ್ಷತ್ರಕ್ಕೂ ಹೊಂದಿಸಿದಾಗ ಯಾವ ಗಂಟು ಬಂತೆಂಬುದು ನಕ್ಷತ್ರದ ಎತ್ತರವನ್ನು ಹೇಳುತ್ತಿತ್ತು. ಈ ಎತ್ತರವನ್ನು ಬೆರಳಿನ ಅಗಲದ ಲೆಕ್ಕದಲ್ಲಿ ಹೇಳುತ್ತಿದ್ದರು. ಬೇಕಾದ ಬಂದರಿನ ಅಕ್ಷಾಂಶಕ್ಕೆ ಬಂದ ಮೇಲೆ ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿ ನೇರ ಸಾಗುವುದು ವಾಡಿಕೆ.

ಲಕ್ಷದ್ವೀಪದಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 8ರಿಂದ 12 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ. ದಕ್ಷಿಣ ಮಾಲ್ಡೀವ್ಸ್‌ನಲ್ಲಿ ಅದು ಕಾಣುವುದೇ ಇಲ್ಲ. ಅಲ್ಲಿ ಬೇರೆ ತಾರೆಗಳ ಲೆಕ್ಕ ಬೇಕಾಗುತ್ತಿತ್ತು. ಲಕ್ಷದ್ವೀಪದ ಮಾಲ್ಮಿಗಳು, ಅಂದರೆ ಹಡಗಿನ ದಾರಿಬಲ್ಲವರು, ನಕ್ಷತ್ರ, ದಿಕ್ಕು, ದೂರಗಳ ವಿವರವಿರುವ ರಹ್ಮಾನಿ ಎಂಬ ಕೈಪಿಡಿಗಳನ್ನು ಇಟ್ಟುಕೊಳ್ಳುತ್ತಿದ್ದರು. ಕವರತ್ತಿಯಲ್ಲಿ ಉಳಿದುಬಂದ ರಹ್ಮಾನಿಯನ್ನೂ ದ್ವೀಪಗಳ ಹೊಲಿದ ಹಡಗುಗಳನ್ನೂ ಇತಿಹಾಸಕಾರ್ತಿ ಲೋತಿಕಾ ವರದರಾಜನ್ ಅಧ್ಯಯನ ಮಾಡಿದ್ದಾರೆ.

ಕವಡೆಯ ವ್ಯಾಪಾರ

ಲಗೂನಿನ ಆಳವಿಲ್ಲದ ನೀರಿನಲ್ಲಿ ಬದುಕುವ ಒಂದು ಪುಟ್ಟ ಶಂಖಜೀವಿಯ ಚಿಪ್ಪೇ ಕವಡೆ. ತೆಂಗಿನ ಗರಿಗಳನ್ನು ನೀರಿನಲ್ಲಿ ಹಾಕಿ, ಅವಕ್ಕೆ ಅಂಟಿಕೊಂಡ ಕವಡೆಗಳನ್ನು ಎತ್ತುತ್ತಿದ್ದರೆಂದು ಕ್ರಿ.ಶ. 851ರ ಅರಬ್ಬೀ ಬರಹವೊಂದು ಹೇಳುತ್ತದೆ. ಎತ್ತಿದ ಕವಡೆಯನ್ನು ಮರಳಿನಲ್ಲಿ ಹೂತು, ಒಳಗಿನ ಮಾಂಸ ಕೊಳೆತ ಮೇಲೆ ತೊಳೆದು ಹಡಗಿಗೆ ತುಂಬುತ್ತಿದ್ದರು. ಸುಮಾರು 1030ರಲ್ಲಿ ಬರೆದ ಅಲ್ ಬಿರೂನಿ ಈ ದ್ವೀಪಗಳನ್ನು ಅವುಗಳ ಸರಕಿನಿಂದಲೇ ವಿಂಗಡಿಸಿ, ಒಂದು ಗುಂಪನ್ನು ಕವಡೆಯ ದ್ವೀಪಗಳೆಂದೂ ಇನ್ನೊಂದನ್ನು ನಾರಿನ ದ್ವೀಪಗಳೆಂದೂ ಕರೆದ.

ಚಿಕ್ಕದು, ಗಟ್ಟಿ, ಸವೆಯದು, ಖೋಟಾ ಮಾಡಲು ಬಾರದು: ಈ ಗುಣಗಳಿಂದ ಕವಡೆ ಬಂಗಾಳದಲ್ಲಿ ಚಿಲ್ಲರೆ ಹಣವಾಯಿತು. ಇಬ್ನ್ ಬತೂತನ ಲೆಕ್ಕದಲ್ಲಿ ಸಾಮಾನ್ಯವಾಗಿ 4,00,000 ಕವಡೆಗೆ ಒಂದು ಚಿನ್ನದ ದೀನಾರು. ಬಂಗಾಳದ ಹಡಗುಗಳು ಅಕ್ಕಿ ತಂದು ಕವಡೆ ಒಯ್ಯುತ್ತಿದ್ದವು. ಅಕ್ಕಿ ಬೆಳೆಯದ ನಾಡು ಹಣವನ್ನೇ ಸಮುದ್ರದಿಂದ ಎತ್ತಿ ಅಕ್ಕಿ ಕೊಳ್ಳುತ್ತಿತ್ತು. 17 ಮತ್ತು 18ನೆಯ ಶತಮಾನಗಳಲ್ಲಿ ಡಚ್ಚರೂ ಇಂಗ್ಲಿಷರೂ ಮಾಲ್ಡೀವ್ಸ್‌ನ ಕವಡೆಯನ್ನು ಯೂರೋಪಿನ ಮೂಲಕ ಪಶ್ಚಿಮ ಆಫ್ರಿಕಕ್ಕೆ ಒಯ್ದರು. ಅಲ್ಲಿ ಗುಲಾಮರನ್ನು ಕೊಳ್ಳಲು ಅದು ಬಳಕೆಯಾಯಿತು. ಬ್ರಿಟಿಷ್ ಆಡಳಿತ ಕಂದಾಯವನ್ನು ಬೆಳ್ಳಿಯಲ್ಲೇ ಕೇಳತೊಡಗಿದಾಗ ಕವಡೆಯ ಬೆಲೆ ಬಿದ್ದಿತು. ಒಡಿಶಾದ 1817ರ ಪೈಕ ದಂಗೆಗೆ ಕಾರಣವಾದ ಸಂಕಟಗಳಲ್ಲಿ ಇದೂ ಒಂದು.

ಆಮೆಚಿಪ್ಪು, ಅಂಬರ್, ಕಡಲ ತೆಂಗು

ಕ್ರಿ.ಶ. 1ನೆಯ ಶತಮಾನದ ಗ್ರೀಕ್ ನೌಕಾ ಕೈಪಿಡಿ ಪೆರಿಪ್ಲಸ್, ಮಲಬಾರಿನ ಬಂದರುಗಳಲ್ಲಿ ಮಾರಾಟವಾಗುತ್ತಿದ್ದ ಸರಕುಗಳಲ್ಲಿ ಎದುರಿನ ದ್ವೀಪಗಳಲ್ಲಿ ಹಿಡಿದ ಆಮೆಯ ಚಿಪ್ಪನ್ನು ಹೆಸರಿಸುತ್ತದೆ. ಬಾಚಣಿಗೆ, ಪೆಟ್ಟಿಗೆಗಳಿಗೆ ಬೇಕಾದ ಚಿಪ್ಪು ಗಿಡುಗಮೂತಿಯ ಕಡಲಾಮೆಯದು. ಮರಳಿಗೆ ಮೊಟ್ಟೆಯಿಡಲು ಬರುವ ಹಸಿರು ಕಡಲಾಮೆ ಎಣ್ಣೆಗೆ ಬಲಿಯಾಗುತ್ತಿತ್ತು.

ಅಂಬರ್ ಎಂಬುದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಹುಟ್ಟಿ ತೇಲುತ್ತ ದಂಡೆಗೆ ಬರುವ ಸುಗಂಧದ್ರವ್ಯ. ಅದರ ಮೂಲ ತಿಳಿಯದ ಕಾಲದಲ್ಲಿ ಸಮುದ್ರತಳದ ಬುಗ್ಗೆಯಿಂದ ಬರುತ್ತದೆಂಬ ಕಥೆಗಳಿದ್ದವು. ಮಾಲ್ಡೀವ್ಸ್‌ನಲ್ಲಿ ಸಿಕ್ಕ ಅಂಬರೆಲ್ಲ ಅರಸನ ಸ್ವತ್ತು. ಬಚ್ಚಿಟ್ಟವರಿಗೆ ಕಠಿಣ ಶಿಕ್ಷೆ.

ಅರಸನಿಗೇ ಸಲ್ಲಬೇಕಾಗಿದ್ದ ಇನ್ನೊಂದು ವಸ್ತು ಕಡಲ ತೆಂಗು, ಎರಡು ಹೋಳು ಕೂಡಿದಂತಿರುವ ಭಾರೀ ಕಾಯಿ. ನೀರಿನ ಮೇಲೆ ಬರುತ್ತಿದ್ದುದರಿಂದ ಅದು ಸಮುದ್ರದೊಳಗಿನ ಮರದ್ದೆಂದು ಜನ ನಂಬಿದ್ದರು. ವಿಷಕ್ಕೆ ಮದ್ದೆಂದು ಅರಮನೆಗಳಲ್ಲಿ ಬಟ್ಟಲು ಮಾಡಿಸುತ್ತಿದ್ದರು. ಸಸ್ಯಶಾಸ್ತ್ರೀಯ ಹೆಸರಿನಲ್ಲಿ ಇಂದಿಗೂ ಮಾಲ್ಡೀವ್ಸ್ ಉಳಿದಿದ್ದರೂ ಆ ಮರ ಅಲ್ಲಿ ಬೆಳೆಯುವುದೇ ಇಲ್ಲ. 1768ರಲ್ಲಿ ಫ್ರೆಂಚರು ಸೆಶೆಲ್ಸ್‌ನ ಪ್ರಾಸ್ಲಿನ್ ದ್ವೀಪದಲ್ಲಿ ಅದನ್ನು ಕಂಡಾಗ ಗುಟ್ಟು ರಟ್ಟಾಯಿತು. ಹಸಿಕಾಯಿ ನೀರಿನಲ್ಲಿ ಮುಳುಗುತ್ತದೆ. ತಿರುಳು ಕೊಳೆತು ಟೊಳ್ಳಾದದ್ದು ಮಾತ್ರ ತೇಲುತ್ತದೆ. ದೂರದ ದ್ವೀಪ ಮುಟ್ಟಿದ ಕಾಯಿ ಮೊಳೆಯದಿರಲು ಕಾರಣ ಇದೇ.

ಟ್ಯೂನಾ ಮತ್ತು ಮಾಸ್

ಮಾಲ್ಡೀವ್ಸ್ ಮತ್ತು ಮಿನಿಕಾಯ್‌ಗಳ ಮುಖ್ಯ ಕಸುಬು ಗಾಳದ ಕೋಲಿನಿಂದ ಟ್ಯೂನಾ ಹಿಡಿಯುವುದು. ಮೊದಲು ಲಗೂನಿನಲ್ಲಿ ಸಣ್ಣ ಮೀನು ಹಿಡಿದು, ಕಡಲನೀರು ಹೋಗಿಬರುವಂತೆ ದೋಣಿಯಲ್ಲೇ ಮಾಡಿದ ತೊಟ್ಟಿಯಲ್ಲಿ ಜೀವಂತ ಇಡುತ್ತಾರೆ. ಹೊರಗಡಲಿನಲ್ಲಿ ಹಕ್ಕಿಗಳು ಗುಂಪಾಗಿ ಎರಗುವ ಕಡೆ ಟ್ಯೂನಾ ಹಿಂಡು ಇರುತ್ತದೆ. ಅಲ್ಲಿ ಸಣ್ಣ ಮೀನುಗಳನ್ನು ಎರಚಿ, ಹಿಂಡು ಮುತ್ತಿದಾಗ ಕೋಲಿನಿಂದ ಒಂದೊಂದನ್ನೇ ಎತ್ತಿ ದೋಣಿಗೆ ಹಾಕುತ್ತಾರೆ. ಬಲೆಯಿಲ್ಲದ್ದರಿಂದ ಬೇಡದ ಜೀವಿಗಳು ಸಿಕ್ಕಿ ಸಾಯುವುದು ಕಡಿಮೆ.

ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಒಣಗಿಸಿದರೆ ಮರದಷ್ಟು ಗಟ್ಟಿಯಾದ ಮಾಸ್ ಸಿದ್ಧ. ಕೆಡದೆ ಬಹುಕಾಲ ಉಳಿಯುವ ಈ ಸರಕು ಭಾರತ, ಚೀನ, ಯೆಮೆನ್‌ಗಳಿಗೆ ಹೋಗುತ್ತಿದ್ದುದನ್ನು ಇಬ್ನ್ ಬತೂತ ದಾಖಲಿಸಿದ್ದಾನೆ. ಶ್ರೀಲಂಕಾದ ಅಡುಗೆಯಲ್ಲಿ ಅದಕ್ಕೆ ಇಂದಿಗೂ ಸ್ಥಾನವಿದೆ.

ಪ್ರವಾಸಿಗಳು, ಆಳುವವರು

ಚೋಳ ರಾಜರಾಜನ ಶಾಸನಗಳಲ್ಲಿ ಅವನು ಗೆದ್ದ ನಾಡುಗಳ ಸಾಲಿನಲ್ಲಿ ಸಮುದ್ರದ 12,000 ಹಳೆಯ ದ್ವೀಪಗಳ ಹೆಸರಿದೆ. ಇವು ಮಾಲ್ಡೀವ್ಸ್ ಎಂದು ವಿದ್ವಾಂಸರು ಗುರುತಿಸುತ್ತಾರೆ. ಬೌದ್ಧರಾಗಿದ್ದ ಮಾಲ್ಡೀವ್ಸ್ ಜನ 12ನೆಯ ಶತಮಾನದಲ್ಲಿ ಇಸ್ಲಾಮ್ ಸ್ವೀಕರಿಸಿದರು.

ಮೊರಾಕೊದ ಇಬ್ನ್ ಬತೂತ ಮಾಲ್ಡೀವ್ಸ್‌ಗೆ ಹೋಗುವ ಮೊದಲು ಹೊನ್ನಾವರದಲ್ಲಿ ಸುಲ್ತಾನ್ ಜಮಾಲುದ್ದೀನನ ಅತಿಥಿಯಾಗಿದ್ದ. ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವೆಂದು ಬರೆದಿದ್ದಾನೆ. ಕಲ್ಲಿಕೋಟೆಯಿಂದ ಹೊರಟು ಹತ್ತು ದಿನಗಳಲ್ಲಿ ದ್ವೀಪ ತಲುಪಿದ. ಆಗ ಅಲ್ಲಿ ಆಳುತ್ತಿದ್ದವಳು ರಾಣಿ ಖದೀಜ. 1344ರವರೆಗೆ ಖಾಜಿಯಾಗಿದ್ದ ಅವನು ರಾಜವಂಶದೊಂದಿಗೆ ನಂಟು ಬೆಳೆಸಿದ. ಹೆಂಗಸರ ಉಡುಪನ್ನು ಬದಲಿಸಲು ಹೋಗಿ ಸೋತುದನ್ನೂ ಮುಚ್ಚಿಡಲಿಲ್ಲ. 15ನೆಯ ಶತಮಾನದಲ್ಲಿ ಚೀನದ ಝೆಂಗ್ ಹೆ ನೌಕಾದಳದೊಂದಿಗೆ ಬಂದ ಮಾ ಹುವಾನ್ ಅಂಬರ್, ಕವಡೆ, ನಾರುಗಳ ವ್ಯಾಪಾರವನ್ನು ವರ್ಣಿಸಿದ.

ಅತ್ಯಂತ ವಿವರವಾದ ಚಿತ್ರಣ ಸಿಗುವುದು ಒಬ್ಬ ಸೆರೆಯಾಳಿನಿಂದ. ಫ್ರಾನ್ಸಿನ ಫ್ರಾಂಸ್ವಾ ಪಿರಾರ್ ಇದ್ದ ಕೊರ್ಬಾ ಹಡಗು ಜುಲೈ 1602ರಲ್ಲಿ ಮಾಲ್ಡೀವ್ಸ್‌ನ ದಿಬ್ಬಕ್ಕೆ ಬಡಿದು ಒಡೆಯಿತು. ಒಡೆದ ಹಡಗೂ ಅದರ ಸರಕೂ ಅರಸನಿಗೆ ಸೇರುವುದು ಅಲ್ಲಿನ ಕಟ್ಟಳೆ. 1607ರಲ್ಲಿ ಬಂಗಾಳದ ದಂಡು ದಾಳಿಮಾಡಿ ಅರಸನನ್ನು ಕೊಲ್ಲುವವರೆಗೆ ಪಿರಾರ್ ಅಲ್ಲಿಯೇ ಉಳಿದು, ಭಾಷೆ ಕಲಿತು, ಮೀನುಗಾರಿಕೆ, ನ್ಯಾಯ, ಊಟ, ಪ್ರವಾಹಗಳ ಸೆಳೆತ ಎಲ್ಲವನ್ನೂ ಗಮನಿಸಿದ. ಅವನ ಗ್ರಂಥದ ಮೊದಲ ಆವೃತ್ತಿ 1611ರಲ್ಲಿ ಬಂತು.

ಮಂಗಳೂರು ಮತ್ತು ಅಮಿನಿ ದ್ವೀಪಗಳು

ಲಕ್ಷದ್ವೀಪ ಬಹುಕಾಲ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿತ್ತು. ನಾರಿನ ವ್ಯಾಪಾರವನ್ನು ಅದು ತನ್ನ ಏಕಸ್ವಾಮ್ಯ ಮಾಡಿಕೊಂಡು ಕಡಿಮೆ ಬೆಲೆ ಕೊಟ್ಟಾಗ ಅಮಿನಿಯವರು ತಿರುಗಿಬಿದ್ದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. 1787ರಲ್ಲಿ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಮೈಸೂರಿನ ಆಡಳಿತಕ್ಕೆ ಬಂದವು. 1799ರ ನಂತರ ಅವು ಬ್ರಿಟಿಷರಿಗೆ ಸೇರಿ, ಕೆನರಾ ಜಿಲ್ಲೆಯ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾದವು. ಅಮಿನಿಯಲ್ಲಿದ್ದ ಮಣೆಗಾರ ಮಂಗಳೂರಿನ ಕಲೆಕ್ಟರರಿಗೆ ಉತ್ತರಿಸಬೇಕಿತ್ತು.

ಓಡಂಗಳು ನಾರಿನ ಹುರಿ, ತೆಂಗಿನಕಾಯಿ, ಬೆಲ್ಲ ತುಂಬಿಕೊಂಡು ಮಂಗಳೂರಿಗೆ ಬರುತ್ತಿದ್ದವು. ನಾರಿನ ಏಕಸ್ವಾಮ್ಯ ಹೊಸ ಆಡಳಿತದಲ್ಲೂ ಮುಂದುವರಿಯಿತು. ಸರಕಾರ ಹುರಿಯನ್ನು ಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ದ್ವೀಪಗಳು ಉಳಿದವುಗಳೊಂದಿಗೆ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ಲಕ್ಷದ್ವೀಪ ಎಂಬ ಹೆಸರು 1973ರಲ್ಲಿ ಬಂತು. ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕುದೋಣಿಗಳಲ್ಲಿ ದ್ವೀಪಗಳಿಗೆ ಸಾಮಾನು ಹೋಗುವುದು ಎಂಜಿನ್ ಬಂದ ಮೇಲೂ ನಿಲ್ಲಲಿಲ್ಲ. ಮಳೆಗಾಲದಲ್ಲಿ ಆ ಓಟಕ್ಕೆ ಈಗಲೂ ರಜೆ.

ಸಮೀಕ್ಷೆ ಮತ್ತು ವಿಜ್ಞಾನ

1834–36ರಲ್ಲಿ ರಾಬರ್ಟ್ ಮೋರ್ಸ್‌ಬಿ ನೇತೃತ್ವದಲ್ಲಿ ಮಾಲ್ಡೀವ್ಸ್‌ನ ಸಮುದ್ರ ಸಮೀಕ್ಷೆ ನಡೆಯಿತು. ಆ ನಕಾಶೆಗಳು ಹಡಗುಗಳಿಗೆ ದಾರಿ ತೋರಿದ್ದಲ್ಲದೆ ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಪ್ರಕಟಿಸಿದ ಹವಳದಿಬ್ಬಗಳ ಸಿದ್ಧಾಂತಕ್ಕೂ ಆಧಾರವಾದವು. ಮುಳುಗುತ್ತಿರುವ ನೆಲದ ಸುತ್ತ ಹವಳ ಮೇಲೇರುತ್ತದೆ ಎಂಬುದು ಅದರ ತಿರುಳು. ಪಕ್ಷಿಶಾಸ್ತ್ರಜ್ಞ ಎ.ಓ. ಹ್ಯೂಮ್ 1875ರಲ್ಲಿ ಲಕ್ಷದ್ವೀಪ ಸುತ್ತಿ, ಅಲ್ಲಿನ ಹಕ್ಕಿಗಳ ಕುರಿತು ಮರುವರ್ಷ ಬರೆದರು. 1899–1900ರಲ್ಲಿ ಕೇಂಬ್ರಿಜ್‌ನ ಜೆ. ಸ್ಟ್ಯಾನ್ಲಿ ಗಾರ್ಡಿನರ್ ಎರಡೂ ಸಮೂಹಗಳಲ್ಲಿ ಸಂಗ್ರಹ ನಡೆಸಿ ಹೊರತಂದ ಸಂಪುಟಗಳು ಅಲ್ಲಿನ ಪ್ರಾಣಿಗಳ ಬಗೆಗಿನ ಮೊದಲ ಸಮಗ್ರ ದಾಖಲೆ.

ನಂತರದ ಬದಲಾವಣೆ

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಉಗಿಹಡಗುಗಳು ಈ ದ್ವೀಪಗಳ ನಡುವಿನ ಕಾಲುವೆಗಳಲ್ಲಿ ನಿರಂತರ ಓಡಾಡತೊಡಗಿದವು. 1885ರಲ್ಲಿ ಮಿನಿಕಾಯ್‌ನಲ್ಲಿ ದೀಪಸ್ತಂಭ ಕಟ್ಟಲಾಯಿತು. ಹಡಗುಗಳು ಹತ್ತಿರದಲ್ಲೇ ಹಾದುಹೋದರೂ ನಿಲ್ಲುವ ಅಗತ್ಯ ಅವಕ್ಕೆ ಇರಲಿಲ್ಲ. ಮಿನಿಕಾಯ್‌ನ ಗಂಡಸರೇ ಕಲ್ಕತ್ತದಂಥ ಬಂದರುಗಳಿಗೆ ಹೋಗಿ ಖಲಾಸಿಗಳಾದರು. ಕವಡೆ ಹಣವಾಗಿ ಉಳಿಯಲಿಲ್ಲ. ಆಮೆಯ ಬೇಟೆ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ನಿಷಿದ್ಧವಾಯಿತು, ಪಿಟ್ಟಿ ಪಕ್ಷಿಧಾಮವಾಯಿತು.

ಹಳೆಯ ಸರಕುಗಳಲ್ಲಿ ಇಂದಿಗೂ ಮಾರುಕಟ್ಟೆ ಉಳಿಸಿಕೊಂಡಿರುವುದು ಮುಖ್ಯವಾಗಿ ಟ್ಯೂನಾ ಮತ್ತು ತೆಂಗು. ಇವೆರಡಕ್ಕೂ ದಿಬ್ಬವೇ ಆಸರೆ: ಗಾಳಕ್ಕೆ ಬೇಕಾದ ಸಣ್ಣ ಮೀನು ಬೆಳೆಯುವುದು ಲಗೂನಿನಲ್ಲಿ, ತೆಂಗಿಗೆ ಬೇಕಾದ ಸಿಹಿನೀರಿನ ಪದರ ನಿಂತಿರುವುದು ಹವಳದ ಮರಳಿನಲ್ಲಿ. 1998ರಲ್ಲಿ ಸಮುದ್ರದ ನೀರು ಅತಿಯಾಗಿ ಬಿಸಿಯಾಗಿ ಎರಡೂ ಸಮೂಹಗಳ ಹವಳ ಬಿಳಿಚಿ, ದೊಡ್ಡ ಪ್ರಮಾಣದಲ್ಲಿ ಸತ್ತಿತು. 2016ರಲ್ಲಿ ಅದೇ ಮರುಕಳಿಸಿತು. ದಿಬ್ಬ ಬೆಳೆಯುವ ವೇಗಕ್ಕಿಂತ ಸಮುದ್ರಮಟ್ಟ ಏರುವ ವೇಗ ಹೆಚ್ಚಾದರೆ ಇಲ್ಲಿಯ ವಸತಿಗೂ ಕಸುಬಿಗೂ ನೆಲೆ ತಪ್ಪುತ್ತದೆ.